ಬೇಲಿ ಪಕ್ಕದ ನಂದಿಬಟ್ಟಲು

ಅವತ್ತು ಬೆಳಿಗ್ಗೆ ರಾಮಗಿರಿಯ ನಮ್ಮ ಹೊಲದ ಮೂಲೆಯಲ್ಲಿ ಐದು ಜನ ಇದ್ದೆವು. ನನ್ನ ಅಣ್ಣ ಪರಮೇಶ ತಲೆಗೆ ಟವೆಲ್ಲು ಸುತ್ತಿಕೊಂಡು, ನೆಲದ ಮೇಲೆ ಸಿಟ್ಟಿರುವವನಂತೆ ನೆಲವನ್ನೇ ನೋಡುತ್ತ ನಿಂತಿದ್ದ. ಅವನು ನಿಲ್ಲುವುದೇ ಹಾಗೆ. ಅತ್ತಿಗೆ ಬುತ್ತಿಯ ಚೀಲವನ್ನು ಇರುವೆ ಹತ್ತದ ಹಾಗೆ ಹೊಂಗೆಯ ಕೊಂಬೆಗೆ ನೇತುಹಾಕುತ್ತಿದ್ದರು. ಹಿರಿಯೂರಿನಿಂದ ಬೈಕಿನಲ್ಲಿ ಬಂದಿದ್ದ ರುದ್ರೇಶ ಮುಖ ಒರೆಸಿಕೊಳ್ಳುತ್ತಿದ್ದ. ಅವನು ನಮ್ಮ ಚಿಕ್ಕಜ್ಜಿಯ ಮೊಮ್ಮಗ, ವರಸೆಯಲ್ಲಿ ನನಗೆ ತಮ್ಮ, ವಯಸ್ಸು ಐವತ್ತು ದಾಟಿದ್ದರೂ ನನಗೆ ಇನ್ನೂ ಹುಡುಗನೇ. ನಾಲ್ಕನೆಯವರು ಖಲೀಲ್ ಸಾಬರು. ಹೊಸದುರ್ಗದಲ್ಲಿ ನನ್ನ ಮನೆಗೆ ಹತ್ತಿರವೇ ಅವರ ನರ್ಸರಿ. ಗಿಡ ಕಿತ್ತು ಬೇರೆ ಕಡೆ ನೆಡಬೇಕಾದೀತು ಎಂದು ನಾನೇ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೆ. ಐದನೆಯವಳು ನಾನು, ಗಿರಿಜ.

ನಮ್ಮ ಮುಂದೆ ಎರಡು ನಂದಿಬಟ್ಟಲ ಗಿಡಗಳಿದ್ದವು. ಒಂದು ರಸ್ತೆಯ ಬೇಲಿಗೆ ಆತುಕೊಂಡು, ಇನ್ನೊಂದು ಅಲ್ಲಿಂದ ಹತ್ತು ಹೆಜ್ಜೆ ಒಳಗೆ. ರಸ್ತೆ ಅಗಲ ಮಾಡುವವರು ಹಿಂದಿನ ವಾರ ಬಂದು ಕಲ್ಲಿಗೆ ಕೆಂಪು ಬಣ್ಣ ಬಳಿದು ಹೋಗಿದ್ದರು. ಆ ಬಣ್ಣದ ಗೆರೆ ಬೇಲಿ ಪಕ್ಕದ ಗಿಡವನ್ನು ರಸ್ತೆಗೆ ಸೇರಿಸಿ, ಒಳಗಿನ ಗಿಡವನ್ನು ನಮಗೆ ಬಿಟ್ಟಿತ್ತು.

ಬರೀ ಗಿಡವಾಗಿದ್ದರೆ ಐದು ಜನ ಸೇರಬೇಕಾಗಿರಲಿಲ್ಲ. ನಮ್ಮ ಮನೆತನದಲ್ಲಿ ಸಮಾಧಿಗೆ ಕಲ್ಲು ಇಡುವ ಪದ್ಧತಿಯಿಲ್ಲ. ಹೋದವರು ತಮ್ಮ ಲಿಂಗಪೂಜೆಗೆ ದಿನವೂ ಯಾವ ಹೂವು ಬಿಡಿಸುತ್ತಿದ್ದರೋ ಆ ಗಿಡದ ಕಡ್ಡಿಯೊಂದನ್ನು ಮನೆಯಲ್ಲಿ ಬೇರು ಬರಿಸಿ, ಮುಂಗಾರು ಬಿದ್ದ ಮೇಲೆ ಸಮಾಧಿಯ ಮೇಲೆ ನೆಡುತ್ತೇವೆ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದರಿಂದ ಗಿಡ ಸರಿಯಾಗಿ ನೆತ್ತಿಯ ನೇರಕ್ಕೆ ಬರುತ್ತದೆ. ಅಜ್ಜ, ಅಪ್ಪ ಎಲ್ಲರೂ ಅದೇ ಹೊಲದ ಒಳಭಾಗದಲ್ಲಿ ಕಣಗಿಲೆ, ಬಿಲ್ವಪತ್ರೆಗಳ ಕೆಳಗೆ ಇದ್ದಾರೆ. ಅವರಿಗೆ ರಸ್ತೆಯ ಕಾಟ ಇಲ್ಲ. ಈ ಎರಡು ನಂದಿಬಟ್ಟಲು ಮಾತ್ರ ನಮ್ಮ ಅಜ್ಜಿಯದು ಮತ್ತು ಅವಳ ವಾರಗಿತ್ತಿ, ಅಂದರೆ ನಮ್ಮ ಚಿಕ್ಕಜ್ಜಿಯದು. ಒಬ್ಬಳು ರಸ್ತೆಯ ಕೆಳಗೆ ಹೋಗುತ್ತಾಳೆ. ಯಾರು ಅನ್ನುವುದು ಪ್ರಶ್ನೆ.

ಅಣ್ಣನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. "ಒಳಗಿರೋದು ನಮ್ಮಜ್ಜಿ. ಬೇಲಿ ಪಕ್ಕದ್ದು ನಿಮ್ಮಜ್ಜಿ ಕಣಪ್ಪ ರುದ್ರೇಶ. ಅದಕ್ಕೇ ನಿನ್ನ ಕರೆಸಿದ್ದು. ಎತ್ತಿ ಒಳಗಿಡಾಣ ಅಂದ್ರೆ ಇಡಾಣ, ಬ್ಯಾಡ ಅಂದ್ರೆ ಬ್ಯಾಡ."

"ಅದು ಹೆಂಗೆ ಗೊತ್ತಾಗುತ್ತಣ್ಣ? ಎರಡೂ ಒಂದೇ ಥರ ಅವೆ."

"ಹೂವು ನೋಡು. ನಮ್ಮಜ್ಜಿದು ಒಂಟಿ ಸುತ್ತು. ನಿಮ್ಮಜ್ಜಿದು ಎರಡು ಸುತ್ತು."

ನೋಡುವುದಕ್ಕೆ ಹೂವೇ ಇರಲಿಲ್ಲ. ಯುಗಾದಿ ಕಳೆದ ಬಿಸಿಲಿಗೆ ಸುತ್ತ ಹಸಿರೆಂಬುದು ಇಲ್ಲದೆ, ಬೇರೆ ಕಾಲದಲ್ಲಿ ಮೂಸಿಯೂ ನೋಡದ ಮೇಕೆಗಳು ಎರಡು ಗಿಡಗಳ ತುದಿಯನ್ನೂ ಸವರಿಬಿಟ್ಟಿದ್ದವು. ರುದ್ರೇಶ ಫೋನು ತೆಗೆದು ಎಲೆಗೆ ಹಿಡಿದ. ಗಿಡದ ಹೆಸರು ಹೇಳುವ ವಿದ್ಯೆ ಈಗ ಫೋನಿನಲ್ಲೂ ಇದೆಯಂತೆ. ಮೊದಲ ಸಲ ಅದು ಕಾಫಿ ಅಂದಿತು. ಇನ್ನೊಂದು ಎಲೆಗೆ ಹಿಡಿದರೆ ಮಲ್ಲಿಗೆ ಅಂದಿತು.

"ನಿಮ್ಮ ಫೋನಿಗೆ ಬಿಸಿಲು ಹತ್ತೈತೆ, ನೆಳ್ಳಿಗಿಡ್ರಿ," ಎಂದು ಖಲೀಲ್ ಸಾಬರು ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಅವರು ಗಿಡ ನೋಡುವುದನ್ನು ನೋಡಬೇಕು ನೀವು, ವೈದ್ಯರು ಕೈ ಹಿಡಿದು ನಾಡಿ ನೋಡಿದ ಹಾಗೆ. ಒಂದು ಎಲೆ ಮುರಿದರು. ತೊಟ್ಟಿನಲ್ಲಿ ಹಾಲು ಜಿನುಗಿತು. "ಕಾಫಿಗೆ ಹಾಲೆಲ್ಲಿ ಬರ್ತೈತೆ? ಕಣಗಿಲೆಗೂ ಹಾಲೈತೆ, ಆದ್ರೆ ಅದರ ಎಲೆ ಮೂರ್ ಮೂರು ಒಂದೇ ಕಡೆ ಹುಟ್ತವೆ. ಇದು ನೋಡ್ರಿ, ಎದುರು ಬದುರು ಎರಡು. ಕೊಂಬೆ ಒಡೆದ್ರೂ ಎರಡೇ. ಆ ಕವೆ ಒಳಗೆ ಮೊಗ್ಗು ಕೂರ್ತೈತೆ." ಹಾಗೆನ್ನುತ್ತಲೇ ಮೇಕೆಯ ಬಾಯಿಗೆ ಸಿಗದೆ ಕವೆಯಲ್ಲಿ ಅಡಗಿದ್ದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೊಗ್ಗೊಂದನ್ನು ಹುಡುಕಿ, ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಸೀಳಿದರು. ಕನ್ನಡಕ ಹಣೆಗೇರಿಸಿ ಪದರ ಬಿಚ್ಚಿದರು. ಆಮೇಲೆ ಎದ್ದು ಒಳಗಿನ ಗಿಡಕ್ಕೆ ಹೋಗಿ ಅಲ್ಲೂ ಒಂದು ಮೊಗ್ಗು ಸೀಳಿದರು.

"ಪರಮೇಶಪ್ಪನೋರು ಹೇಳಿದ್ದು ಸರಿ. ಬೇಲಿ ಪಕ್ಕದ್ದು ಎರಡು ಸುತ್ತು. ಒಳಗಿನದು ಒಂಟಿ."

ಅಣ್ಣ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅಜ್ಜಿ ಉಳಿದಳು ಅನ್ನುವ ನೆಮ್ಮದಿ ಅದು. ರುದ್ರೇಶ ಫೋನು ಜೇಬಿಗೆ ಹಾಕಿಕೊಂಡು ಹೇಳಿದ: "ನಮ್ಮಜ್ಜಿ ಆದ್ರೆ ಇರ್ಲಿ ಬಿಡ್ರಣ್ಣ. ಇಷ್ಟು ವರ್ಷ ನಾವ್ಯಾರೂ ಬಂದು ಒಂದು ಹೂವ ಇಟ್ಟೋರಲ್ಲ. ಈಗ ಎಬ್ಬಿಸೋದು ಯಾವ ಮುಖ ಇಟ್ಕಂಡು? ಮಣ್ಣು ಮಣ್ಣಾಗೈತೆ. ಒಂದು ಕಡ್ಡಿ ಕತ್ತರಿಸಿ ಕೊಡ್ರಿ ಸಾಬ್ರೆ, ಹಿರಿಯೂರಿಗೆ ಒಯ್ತೀನಿ."

ಎಲ್ಲರೂ ಸರಿ ಅಂದರು. ನಾನೊಬ್ಬಳು ಏನೂ ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಎಂಬುದನ್ನು ಹೇಳಬೇಕಾದರೆ ಆ ಇಬ್ಬರು ಮುದುಕಿಯರ ಹತ್ತಿರ ಸ್ವಲ್ಪ ಕೂರಬೇಕು. ನಾನು ಆಡುವ ಮಾತೆಲ್ಲ ಅವರ ಬಾಯಿಂದ ಬಿದ್ದದ್ದನ್ನು ಆಯ್ದುಕೊಂಡದ್ದು. ಶಾಲೆಯಲ್ಲಿ ಅಕ್ಷರ ಕಲಿತೆ, ಅಷ್ಟೆ. ಒಂದೇ ಮನೆ, ಒಂದೇ ಅಡಿಗೆಮನೆ, ಒಲೆ ಎರಡು. ಅಜ್ಜಿ ಮತ್ತು ಚಿಕ್ಕಜ್ಜಿ ಯಾವುದೋ ಕಾಲದ ಯಾವುದೋ ಮಾತಿಗೆ ಮುನಿಸಿಕೊಂಡು, ನಾನು ಹುಟ್ಟುವ ಹೊತ್ತಿಗೆ ನೇರ ಮಾತು ನಿಲ್ಲಿಸಿದ್ದರು. ಮಾತು ಆಡುತ್ತಿರಲಿಲ್ಲ ಅಂತಲ್ಲ, ಆಡುತ್ತಿದ್ದದ್ದು ನಮ್ಮ ಮೂಲಕ. ಇಬ್ಬರ ನಡುವೆ ಇದ್ದದ್ದು ಎರಡೇ ಮೊಳ ಜಾಗವಾದರೂ, "ಲೇ ಗಿರಿಜಿ, ನಿಮ್ಮ ಚಿಕ್ಕಜ್ಜಿಗೆ ಹೇಳು, ಹಾಲು ಉಕ್ಕಾಕೆ ಬಂದೈತೆ ಅಂತ," ಎನ್ನುವಳು ಅಜ್ಜಿ. "ನಿಮ್ಮಜ್ಜಿಗೆ ಹೇಳು, ನಂಗೂ ಕಣ್ಣವೆ ಅಂತ," ಎನ್ನುವಳು ಚಿಕ್ಕಜ್ಜಿ. ನಾನು ಹೇಳುವಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು. ಬೈಗುಳ ನನಗೆ.

ಹಿತ್ತಲಲ್ಲಿ ಇಬ್ಬರದೂ ಒಂದೊಂದು ನಂದಿಬಟ್ಟಲು. ಅವರ ಬಾಯಲ್ಲಿ ನಂಜಬಟ್ಲು. ಅಜ್ಜಿಯದು ಒಂಟಿ ಸುತ್ತಿನದು, ಐದೇ ಎಸಳು, ಗಾಳಿಗೆ ಕೊಟ್ಟರೆ ತಿರುಗಿಯೇಬಿಡುತ್ತದೆ ಅನ್ನುವ ಹಾಗೆ ಒಂದು ಬದಿಗೆ ವಾಲಿದ ಎಸಳು. ಚಿಕ್ಕಜ್ಜಿಯದು ಎರಡು ಸುತ್ತಿನದು, ಅವಳು ಹಿರಿಯೂರು ಕಡೆಯ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು, ಮುಷ್ಟಿ ತುಂಬುವ ಹೂವು. ಅಜ್ಜಿ ಅದನ್ನು ನೋಡಿದಾಗಲೆಲ್ಲ, "ಪೂಜೆಗೆ ಹೋಗೋ ಹೂವಿಗೆ ಇಷ್ಟೊಂದು ಸೀರೆ ಯಾಕವ್ವ," ಅನ್ನುವಳು. ಚಿಕ್ಕಜ್ಜಿ ಅಜ್ಜಿಯ ಗಿಡದ ಕಡೆ ಮುಖ ಮಾಡಿ, "ಐದೆಸಳಂತೆ. ಲೆಕ್ಕ ಮಾಡ್ಕಂಡು ಕೊಡ್ತೈತೆ ದೇವ್ರಿಗೆ," ಅನ್ನುವಳು. ಬೆಳಗಿನ ಜಾವ ಇಬ್ಬರೂ ಬುಟ್ಟಿ ಹಿಡಿದು ತಮ್ಮ ತಮ್ಮ ಗಿಡದ ಮುಂದೆ ನಿಂತು, ಬೆನ್ನಿಗೆ ಬೆನ್ನು ಕೊಟ್ಟು ಹೂವು ಬಿಡಿಸುತ್ತಿದ್ದರು. ಆದರೆ ನನಗೆ ಕಣ್ಣು ಬೇನೆ ಬಂದಾಗ ಒಬ್ಬಳು ಬಲಗಣ್ಣಿನ ಮೇಲೆ, ಇನ್ನೊಬ್ಬಳು ಎಡಗಣ್ಣಿನ ಮೇಲೆ ನೀರಲ್ಲಿ ನೆನೆಸಿದ ಹೂವು ಇಟ್ಟದ್ದು ನೆನಪಿದೆ. ಯಾವ ಕಣ್ಣು ಮೊದಲು ವಾಸಿಯಾಯಿತು ಎಂದು ಇಬ್ಬರೂ ಬೇರೆ ಬೇರೆಯಾಗಿ ಬಂದು ಕೇಳಿದರು. ನಾನು ಇಬ್ಬರಿಗೂ ಅವರವರ ಕಣ್ಣೇ ಅಂದೆ. ಸುಳ್ಳಿನ ಅಭ್ಯಾಸ ಅಲ್ಲಿಂದಲೇ ಶುರುವಾಗಿರಬೇಕು.

ನನಗೆ ಹದಿಮೂರು ತುಂಬಿದ ಚಳಿಗಾಲದಲ್ಲಿ ಅಜ್ಜಿ ಹೋದಳು. ಅಪ್ಪ ಅವಳನ್ನು ಬೇಲಿ ಪಕ್ಕಕ್ಕೆ ಮಣ್ಣು ಮಾಡಿಸಿದ. ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದವಳು, ರಸ್ತೆಗೆ ಹತ್ತಿರ ಇರಲಿ ಅಂದ. ನಲವತ್ತು ದಿನ ಕಳೆದಿತ್ತೋ ಇಲ್ಲವೋ, ಚಿಕ್ಕಜ್ಜಿಯೂ ಹೋದಳು. ಜ್ವರವಿಲ್ಲ, ಕೆಮ್ಮಿಲ್ಲ. ಆ ನಲವತ್ತು ದಿನ ಅವಳು ಒಂದು ಒಲೆ ಮಾತ್ರ ಹಚ್ಚಿ, ಇನ್ನೊಂದರ ಮುಂದೆ ಮಣೆ ಹಾಕಿಟ್ಟು ಕೂತಿರುತ್ತಿದ್ದಳು. ಅವಳನ್ನು ಹತ್ತು ಹೆಜ್ಜೆ ಒಳಗೆ ಮಣ್ಣು ಮಾಡಿದರು.

ಅಣ್ಣ ಆಗ ದುರ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದ. ಅಜ್ಜಿಯ ಮಣ್ಣಿಗೆ ಬಂದಿದ್ದ, ಆದರೆ ಅತ್ತೂ ಅತ್ತೂ ಕಣ್ಣು ಬಾತು, ಯಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಜ್ಜಿಯ ಹೊತ್ತಿಗೆ ಪರೀಕ್ಷೆ, ಬರಲಿಲ್ಲ.

ಕಡ್ಡಿ ಬೇರು ಬರಿಸುವ ಕೆಲಸ ನನಗೆ ಬಂತು. ನನ್ನ ಕೈಗುಣ ಚೆನ್ನಾಗಿದೆ ಎಂದು ಮನೆಯಲ್ಲಿ ಒಂದು ಮಾತಿತ್ತು. ನಾನು ನೆಟ್ಟ ಒಂದು ಕುಂಬಳಬಳ್ಳಿ ಹಂಚಿನ ಮೇಲೆಲ್ಲ ಹಬ್ಬಿದ್ದೇ ಅದಕ್ಕೆ ಸಾಕ್ಷಿ. ಅಪ್ಪ ಹಿತ್ತಲಿಗೆ ಕರೆದುಕೊಂಡು ಹೋಗಿ ಎರಡು ಗಿಡದಿಂದಲೂ ಬೆರಳು ಗಾತ್ರದ, ಗೇಣುದ್ದದ ಕಡ್ಡಿ ಕತ್ತರಿಸಿದ. ಹೇಗೆ ನೆಡಬೇಕೆಂಬುದನ್ನು ಅಜ್ಜಿಯೇ ಮೊದಲೇ ನನಗೆ ಹೇಳಿಕೊಟ್ಟಿದ್ದಳು: ಕತ್ತರಿಸಿದ ತಕ್ಷಣ ಊರಬಾರದು, ಹಾಲು ಆರುವ ತನಕ ನೆರಳಲ್ಲಿ ಒರಗಿಸಿಡಬೇಕು. ಬುಡ ಯಾವುದು ತುದಿ ಯಾವುದು ಮರೆಯಬಾರದು. ತುದಿಗೆ ಸಗಣಿ ಮೆತ್ತಬೇಕು. ಎರಡು ಗಿಣ್ಣು ಮಣ್ಣೊಳಗೆ, ಎರಡು ಗಿಣ್ಣು ಹೊರಗೆ. ನೀರು ಸುರಿಯುವುದಲ್ಲ, ಕೈಯಿಂದ ಚಿಮುಕಿಸುವುದು. ಆಮೇಲೆ ಅದರ ತಂಟೆಗೆ ಹೋಗಬಾರದು.

ಎಲ್ಲವನ್ನೂ ಮಾಡಿದೆ, ಕೊನೆಯದೊಂದು ಬಿಟ್ಟು. ಎರಡು ಡಾಲ್ಡಾ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು, ಅಜ್ಜಿಯ ಡಬ್ಬಕ್ಕೆ ವಿಭೂತಿಯ ಗೆರೆ ಎಳೆದು, ಬಚ್ಚಲ ಗೋಡೆಯ ನೆರಳಿಗಿಟ್ಟೆ. ಹದಿನೈದು ದಿನಕ್ಕೆ ಗಿಣ್ಣಿನಲ್ಲಿ ಹಸಿರು ಚುಕ್ಕೆ ಕಂಡಿತು. ಮೇಲೆ ಚಿಗುರಿದರೆ ಕೆಳಗೆ ಬೇರು ಬಂದಿದೆಯೋ ಇಲ್ಲವೋ ನೋಡಬೇಡವೆ? ಒಂದು ಮಧ್ಯಾಹ್ನ ಎರಡು ಕಡ್ಡಿಗಳನ್ನೂ ಮೆಲ್ಲಗೆ ಹೊರಗೆಳೆದೆ. ಬುಡದಲ್ಲಿ ಬಿಳಿಯ ಗಂಟಿನಂಥದು ಕಟ್ಟಿತ್ತು. ಬೇರು ಇನ್ನೂ ಇರಲಿಲ್ಲ. ಮಣ್ಣು ತೊಳೆದು ನೋಡೋಣವೆಂದು ಎರಡನ್ನೂ ಬಚ್ಚಲ ಕಟ್ಟೆಯ ಮೇಲೆ ಮಲಗಿಸಿ ಚೆಂಬಿನಿಂದ ನೀರು ಹನಿಸಿದೆ. ಅಷ್ಟರಲ್ಲಿ ಅವ್ವ ಒಳಗಿನಿಂದ, "ಗಿರಿಜಿ, ಏನ್ ಮಾಡ್ತಿದ್ದೀಯೇ ಅಲ್ಲಿ?" ಅಂದಳು. ಬಾಗಿಲಿನ ಸಪ್ಪಳವಾಯಿತು. ನಾನು ಎರಡು ಕಡ್ಡಿಯನ್ನೂ ಎತ್ತಿ ಎರಡು ಡಬ್ಬಕ್ಕೂ ಚುಚ್ಚಿದೆ.

ಚುಚ್ಚಿದ ಮೇಲೆ ಗೊತ್ತಾಯಿತು, ಯಾವುದನ್ನು ಯಾವುದಕ್ಕೆ ಚುಚ್ಚಿದೆ ಎಂದು ನನಗೆ ಗೊತ್ತಿಲ್ಲವೆಂದು.

ಅವ್ವ ಬಂದು ನೋಡಿ ಹೋದಳು. ವಿಭೂತಿಯ ಗೆರೆ ಡಬ್ಬದ ಮೇಲೆ ಹಾಗೇ ಇತ್ತು. ಕಡ್ಡಿಗೆ ಮುಖವಿಲ್ಲ. ಎಲೆ ಬಂದರೂ ಎರಡರದೂ ಒಂದೇ ಎಲೆ. ಆಷಾಢ ಹುಟ್ಟುವ ಮೊದಲು ಅಪ್ಪ ಹೊಲಕ್ಕೆ ಒಯ್ಯುವಾಗ, "ಯಾವುದು ನಮ್ಮವ್ವಂದು?" ಎಂದು ಕೇಳಿದ. ನಾನು ಗೆರೆಯ ಡಬ್ಬ ತೋರಿಸಿದೆ. ಅದನ್ನು ಬೇಲಿ ಪಕ್ಕದಲ್ಲಿ ನೆಟ್ಟ. ನಾನೇ ನೀರು ಹಾಕಿದೆ.

ಮೂರನೇ ವರ್ಷ ಹೂವು ಬಿಟ್ಟಿತು. ಸೋಮವಾರ ಅಪ್ಪನ ಜೊತೆ ಹೋಗಿದ್ದೆ. ಬೇಲಿ ಪಕ್ಕದ ಗಿಡದಲ್ಲಿ ಒಂದೇ ಒಂದು ಹೂವು, ಮುಷ್ಟಿ ತುಂಬುವ, ಎರಡು ಸುತ್ತಿನ ಹೂವು. ಅಜ್ಜಿ ಜೀವಮಾನವಿಡೀ ಒಪ್ಪದ ಹೂವು ಅವಳ ನೆತ್ತಿಯ ಮೇಲೆ ಅರಳಿತ್ತು. ಅಪ್ಪ ಆ ಹೂವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಗಿಡ ಚೆನ್ನಾಗಿ ಬಂದೈತೆ," ಅಂದ. ಬಗ್ಗಿ ಕೈಮುಗಿದು ಮುಂದೆ ನಡೆದ. ಬೈದಿದ್ದರೆ ಅವತ್ತೇ ಮುಗಿಯುತ್ತಿತ್ತು.

ಅದಾಗಿ ಎರಡು ವರ್ಷಕ್ಕೆ ಅಪ್ಪ ಹೋದ. ನಾನು ಮದುವೆಯಾಗಿ ಹೊಸದುರ್ಗಕ್ಕೆ ಬಂದೆ. ಹೊಲ ಅಣ್ಣನ ಪಾಲಿಗೆ ಬಂತು. ಚಿಕ್ಕಜ್ಜಿಯ ಕಡೆಯವರು ಭಾಗ ತೆಗೆದುಕೊಂಡು ಹಿರಿಯೂರು ಸೇರಿದರು. ಮಣ್ಣಿನ ದಿಬ್ಬ ಮಳೆಗೆ ಸಮವಾಯಿತು. ಜಾಗ ಕಂಡಿದ್ದವರು ಒಬ್ಬೊಬ್ಬರಾಗಿ ಇಲ್ಲವಾದರು, ಹೂವು ಉಳಿಯಿತು. ಅಜ್ಜಿ ಒಂಟಿ ಸುತ್ತಿನವಳು ಎಂಬುದು ಊರಿಗೇ ಗೊತ್ತಿದ್ದ ಮಾತು. ಅಣ್ಣ ಒಂಟಿ ಸುತ್ತಿನ ಗಿಡವನ್ನು ಹುಡುಕಿಕೊಂಡು ಅದರ ಬುಡದಲ್ಲಿ ಪೂಜೆ ಮಾಡಲು ಶುರುಮಾಡಿದ. ನಾನು ಮೊದಲ ಸಲ ಅದನ್ನು ಕಂಡಾಗ ಬಾಯಿ ತೆರೆದದ್ದು ನಿಜ. ಅತ್ತಿಗೆ ಆಗ ಹೊಸದಾಗಿ ಬಂದವರು, ಬಾಯಿಗೆ ಬಾಳೆಹಣ್ಣು ಕೊಟ್ಟರು. ಮುಂದಿನ ವರ್ಷ ಹೇಳೋಣ ಅಂದುಕೊಂಡೆ. ಮುಂದಿನ ವರ್ಷ ಅವನು ಆ ಗಿಡಕ್ಕೆ ಕಟ್ಟೆ ಕಟ್ಟಿಸಿದ್ದ. ಕಟ್ಟೆ ಕಟ್ಟಿಸಿದ ಮೇಲೆ ಹೇಳುವುದು ಇನ್ನೂ ಕಷ್ಟ. ಹೀಗೆ ನಲವತ್ತು ವರ್ಷಕ್ಕೂ ಮೀರಿ ನಾನು ಮುಂದಿನ ವರ್ಷ ಹೇಳುವವಳಾಗಿ ಉಳಿದೆ. ಈ ನಡುವೆ ಹೊಸದುರ್ಗದಲ್ಲಿ ನಾನು ಗಿಡದ ಗಿರಿಜಕ್ಕ ಅನ್ನಿಸಿಕೊಂಡೆ. ಬೀದಿಯವರೆಲ್ಲ ಎಲೆ ತಂದು ತೋರಿಸಿ ಯಾವ ಗಿಡ ಎಂದು ಕೇಳಿ ಹೋಗುವರು. ಥಟ್ಟನೆ ಹೇಳಿಬಿಡುತ್ತೇನೆ. ಆದರೆ ಆ ಹೆಸರು ಕೇಳಿದಾಗಲೆಲ್ಲ ನನ್ನೊಳಗೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ.

ಈಗ ಹೊಲದ ಮೂಲೆಯಲ್ಲಿ ಖಲೀಲ್ ಸಾಬರು ರುದ್ರೇಶನಿಗೆ ಕಡ್ಡಿ ಕತ್ತರಿಸಲು ಕತ್ತರಿ ತೆಗೆದಿದ್ದರು. ಅತ್ತಿಗೆ ಬುತ್ತಿ ಇಳಿಸಿ ರೊಟ್ಟಿ ಹಂಚಲು ಶುರುಮಾಡಿದ್ದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲರೂ ಉಂಡು ಎದ್ದು ಹೋಗುತ್ತಿದ್ದರು, ಆಮೇಲೆ ಡಾಂಬರು ಬರುತ್ತಿತ್ತು.

"ಅಣ್ಣ, ಬೇಲಿ ಪಕ್ಕದಲ್ಲಿರೋದು ನಮ್ಮಜ್ಜಿ," ಅಂದೆ.

"ಏನಂದೆ?"

"ಬೇಲಿ ಪಕ್ಕದಲ್ಲಿರೋದು ನಮ್ಮಜ್ಜಿ. ಒಳಗಿರೋದು ಚಿಕ್ಕಜ್ಜಿ."

"ಈಗ ತಾನೆ ಸಾಬ್ರು ಮೊಗ್ಗು ಬಿಚ್ಚಿ ತೋರ್ಸಿದ್ರಲ್ಲ. ಕಣ್ಣಿಲ್ವಾ ನಿಂಗೆ? ಹೂವು ಸುಳ್ಳು ಹೇಳ್ತೈತಾ?"

"ಹೂವು ಸರಿ ಐತಣ್ಣ. ನೆಟ್ಟೋಳು ತಪ್ಪು."

ಹೇಳಿದೆ. ಡಬ್ಬ, ಬಚ್ಚಲ ಕಟ್ಟೆ, ಅವ್ವನ ಧ್ವನಿ, ಗೆರೆ, ಅಪ್ಪ ನೋಡಿದ ನೋಟ. ಖಲೀಲ್ ಸಾಬರು ಕತ್ತರಿ ಮಡಚಿ, ಏನೋ ನೋಡಬೇಕಾದವರಂತೆ ಹೊಂಗೆ ಮರದ ಆಚೆ ಹೋದರು.

"ಅಪ್ಪಂಗೆ ಗೊತ್ತಿತ್ತಾ?" ಅಣ್ಣ ಕೇಳಿದ.

"ಗೊತ್ತಾಯ್ತು ಅನ್ಸುತ್ತೆ."

"ಅಪ್ಪಂಗೂ ಗೊತ್ತು, ನಿಂಗೂ ಗೊತ್ತು. ನಾನೊಬ್ಬ." ಅವನು ತಾನೇ ಕಟ್ಟಿಸಿದ ಕಟ್ಟೆಯ ಕಡೆ ನೋಡಿದ. "ವರ್ಷಾ ವರ್ಷಾ ಅಜ್ಜಿ ಅಜ್ಜಿ ಅಂತ ಅಲ್ಲಿ ಕುಂತು ಎಲ್ಲ ಹೇಳ್ಕಂಡೀನಿ ಕಣೆ. ಮನೇಲಿ ಯಾರಿಗೂ ಹೇಳ್ದೇ ಇರೋದೂ ಹೇಳ್ಕಂಡೀನಿ." ಆಮೇಲೆ ನನ್ನ ಕಡೆ ತಿರುಗಿದ: "ಆಗ್ಲೇ ಹೇಳ್ಬೇಕಿತ್ತು ಗಿರಿಜಾ. ಇಲ್ಲಾಂದ್ರೆ ಇವತ್ತೂ ಹೇಳ್ಬಾರ್ದಿತ್ತು."



ರುದ್ರೇಶ ಎದ್ದು ಒಳಗಿನ ಗಿಡದ ಹತ್ತಿರ ಹೋಗಿ ಕಟ್ಟೆಯ ಮೇಲೆ ಕೈಯಿಟ್ಟ. ಹಳೆಯ ಅರಿಸಿನ ಕುಂಕುಮ, ಒಡೆದ ಕಾಯಿಯ ಚಿಪ್ಪು, ಹಣತೆಯ ಮಸಿ ಎಲ್ಲ ಅಲ್ಲಿತ್ತು. "ಹಂಗಾದ್ರೆ ನಮ್ಮಜ್ಜಿ ಒಂದು ವರ್ಷನೂ ಬರೀ ನೆತ್ತೀಲಿ ಇರ್ಲಿಲ್ಲ," ಅಂದ. ಯಾರಿಗೆ ಹೇಳಿದನೋ. ಆಮೇಲೆ ಅಣ್ಣನ ಕಡೆ ತಿರುಗಿ, "ಪರಮೇಶಣ್ಣ, ನೀವು ತಿಳ್ದು ಇಟ್ರೋ ತಿಳೀದೆ ಇಟ್ರೋ, ಇಟ್ಟಿದ್ದು ನಮ್ಮಜ್ಜಿಗೆ. ನಾವು ಮಾಡ್ಬೇಕಾಗಿದ್ದು ನೀವು ಮಾಡೀರಿ," ಎಂದು ಅಲ್ಲೇ ಬಗ್ಗಿ ಅಣ್ಣನ ಕಾಲು ಮುಟ್ಟಿದ.

ಅಣ್ಣ ಕಾಲು ಹಿಂದೆಳೆದುಕೊಂಡ. "ಇವಳ ಮಾತು ನಿಜ ಅಂತ ಏನು ಗ್ಯಾರಂಟಿ? ಹದಿಮೂರು ವರ್ಷದ ಹುಡುಗಿ. ಕಡ್ಡೀನೇ ನೆನಪಿಟ್ಕಳ್ಳದೋಳು ಜಾಗ ನೆನಪಿಟ್ಕಂಡಾಳಾ?"

ಅದೂ ಸರಿಯೇ. ನನ್ನ ಮಾತು ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಅತ್ತಿಗೆ ಅಲ್ಲಿಯ ತನಕ ರೊಟ್ಟಿಯನ್ನು ಕೈಯಲ್ಲೇ ಹಿಡಿದಿದ್ದರು. "ಬೇಲಿ ಪಕ್ಕದಾಗೆ ಯಾರೇ ಇರ್ಲಿ, ಇಬ್ರಲ್ಲಿ ಒಬ್ರು ತಾನೆ," ಅಂದರು. "ಅವರಾದ್ರೆ ಎಬ್ಬಿಸೋದು, ಇವರಾದ್ರೆ ಬಿಡೋದು ಅಂತ ಅಳತೆ ಮಾಡಾಕೆ ಕುಂತಿದ್ದೀರಲ್ಲ, ಅದೇ ಮೊದ್ಲು ತಪ್ಪು. ತಗಳ್ರಿ, ರೊಟ್ಟಿ ಒಣಗ್ತವೆ."

ಅಷ್ಟು ವರ್ಷದಲ್ಲಿ ಅತ್ತಿಗೆ ಅಣ್ಣನಿಗೆ ಎದುರು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಣ್ಣ ರೊಟ್ಟಿ ತೆಗೆದುಕೊಂಡ. ತಿನ್ನಲಿಲ್ಲ.

ಮುಂದಿನ ಸೋಮವಾರ ಐನೋರನ್ನು ಕರೆಸಿ, ಬೇಲಿ ಪಕ್ಕದ ಸಮಾಧಿ ತೆಗೆಸಿದೆವು. ಮೊದಲು ಗಿಡ. ಖಲೀಲ್ ಸಾಬರು ಕೊಂಬೆಗಳನ್ನು ಮೂರರಲ್ಲಿ ಎರಡು ಪಾಲು ತೆಗೆದು, ಉಳಿದ ಎಲೆಯನ್ನೂ ಸವರಿ, ಸುತ್ತ ಮೊಳದಗಲ ಚರಂಡಿ ತೋಡಿ, ಬೇರಿನ ಮಣ್ಣು ಉದುರದ ಹಾಗೆ ಒದ್ದೆ ಗೋಣಿಚೀಲ ಸುತ್ತಿ ಬಿಗಿದರು. ಕತ್ತರಿಸಿದ ಕಡೆಯೆಲ್ಲ ಹಾಲು ಸುರಿಯಿತು. ನಾನು ಸಗಣಿ ಮೆತ್ತುತ್ತ ಹೋದೆ. ಕೆಲಸದ ನಡುವೆ ಅವರು ತಲೆಯೆತ್ತದೆ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ಬೇರು ಬಂತಾ ಅಂತ ಕಿತ್ತು ನೋಡದೇ ಇರೋ ಮಕ್ಕಳು ಯಾರಿದಾರಕ್ಕ? ನಾನೂ ಕಿತ್ತೀನಿ. ನಮ್ಮಪ್ಪನ ಕೈಲಿ ಹೊಡ್ತ ತಿಂದೀನಿ. ನಿಮಗೆ ಯಾರೂ ಹೊಡೀಲಿಲ್ಲ, ಅದೇ ನಿಮ್ಮ ಕಷ್ಟ."

ಗಿಡದ ಕೆಳಗೆ ಮಣ್ಣು ಬಿಟ್ಟು ಮತ್ತೇನು ಉಳಿದೀತು? ಎದೆಮಟ್ಟದ ಆಳದಲ್ಲಿ ಕೆಂಪು ಮಣ್ಣಿನ ಬಣ್ಣ ಒಂದಿಷ್ಟು ಜಾಗದಲ್ಲಿ ಬೂದಿಗೆ ತಿರುಗಿತ್ತು. ವಿಭೂತಿ ಇಟ್ಟ ಜಾಗ ಅಂದರು ಐನೋರು. ಅಲ್ಲೇ ಕೈಯಾಡಿಸಿದಾಗ ಅಣ್ಣನ ಬೆರಳಿಗೆ ಲಿಂಗ ಸಿಕ್ಕಿತು. 'ಯಾರದು' ಎಂಬಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಲಿಂಗದ ಮೇಲೆ ಹೆಸರು ಬರೆದಿರುವುದಿಲ್ಲ. ಅವನು ನನ್ನ ಕಡೆ ನೋಡಬಹುದೆಂದು ಕಾದೆ. ನೋಡಲಿಲ್ಲ. ಲಿಂಗವನ್ನೂ ಆ ಬೂದಿ ಮಣ್ಣನ್ನೂ ಬಿಳಿಯ ಬಟ್ಟೆಯಲ್ಲಿ ಕಟ್ಟಿ, ಕಟ್ಟೆಯ ಪಕ್ಕದಲ್ಲೇ ಹೊಸ ಗುಣಿ ತೆಗೆದು ಇಟ್ಟು, ಮೇಲೆ ಗಿಡ ನೆಟ್ಟೆವು. ವಾರಗಿತ್ತಿಯರ ನಡುವೆ ಈಗ ಎರಡು ಮೊಳದ ಜಾಗ. ಮಾತಾಡುವುದಿದ್ದರೆ ತಾವೇ ಆಡಿಕೊಳ್ಳಬೇಕು, ಮಾತು ಮುಟ್ಟಿಸುವವರು ಇನ್ನು ಯಾರೂ ಇಲ್ಲ.

ಅವತ್ತು ಬಸ್ಸು ಹತ್ತುವ ತನಕ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಆಮೇಲೂ ಆಡಲಿಲ್ಲ. ಗಿಡ ಒಂದು ತಿಂಗಳು ಬರೀ ಕೋಲಿನಂತೆ ನಿಂತಿತ್ತಂತೆ. ಉಗುರಿನಿಂದ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಬದುಕಿದೆ ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದೆ. ಕೆರೆದು ನೋಡಿ ಹಸಿರಿದೆ ಅಂದರು. ಮೊದಲ ಮಳೆಗೆ ಮೂರು ಕಡೆ ಚಿಗುರು ಒಡೆಯಿತು ಎಂದೂ ಅವರೇ ಹೇಳಿದರು. "ನಿಮ್ಮಣ್ಣ ಹೋಗಿ ನೀರು ಹಾಕಿ ಬರ್ತಾರೆ. ಎರಡಕ್ಕೂ. ಆದ್ರೆ ಮೊದ್ಲಿನ ಥರ ಕುಂತ್ಕಳಲ್ಲ." ಫೋನು ಅಣ್ಣನಿಗೆ ಕೊಡಿ ಅಂದರೆ, ಹೊರಗೆ ಹೋಗಿದ್ದಾರೆ ಅನ್ನುವರು. ಅಣ್ಣ ಕೆಮ್ಮುವುದು ಪಕ್ಕದಲ್ಲೇ ಕೇಳಿಸುತ್ತಿತ್ತು.

ಗೌರಿಹಬ್ಬಕ್ಕೆ ಪ್ರತಿವರ್ಷ ಬರುತ್ತಿದ್ದ ಬಾಗಿನ ಆ ವರ್ಷ ಅತ್ತಿಗೆಯ ತಮ್ಮನ ಕೈಯಲ್ಲಿ ಬಂತು. ದೀಪಾವಳಿಗೆ ಯಾರೂ ಕರೆಯಲಿಲ್ಲ.

ಕಾರ್ತಿಕದಲ್ಲಿ ಒಂದು ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಗೇಟಿನ ಸಪ್ಪಳವಾಯಿತು. ಅಣ್ಣ. ತಾಲೂಕು ಆಫೀಸಿನಲ್ಲಿ ಏನೋ ಕೆಲಸವಿತ್ತು, ಹಾಗೇ ಬಂದೆ ಅಂದ. "ಕುಂತ್ಕ ಅಣ್ಣ," ಅಂದೆ. ಕೂತ. ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟೆ, ತಿಂದ. ಅತ್ತಿಗೆಯ ಮಂಡಿನೋವು, ಈರುಳ್ಳಿಯ ರೋಗ, ರುದ್ರೇಶ ಹುಣ್ಣಿಮೆಗೆ ಬಂದು ಹೋದದ್ದು, ಎಲ್ಲ ಹೇಳಿದ. ರಸ್ತೆಯ ಕೆಲಸ ಇನ್ನೂ ಶುರುವಾಗಿಲ್ಲ ಅಂದ. ನಂದಿಬಟ್ಟಲ ಸುದ್ದಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎದ್ದು ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದ: "ನಂದು ಕಣಗಿಲೆ. ಕೆಂಪು. ಒಂಟಿ ಸುತ್ತು. ಮನೇಲಿ ಯಾರಿಗೂ ಹೇಳಿಲ್ಲ, ನೀನು ನೆನಪಿಟ್ಕ."

"ಆಗ್ಲಣ್ಣ," ಅಂದೆ.

ಒಂದು ಗಂಟೆಯ ಬಸ್ಸಿಗೆ ಹೋದ.